ರೋಹಿತವೂ ಅನುಮಾನವೂ: ಶಿಲಾನಿರ್ಣಯದ ಕನ್ನಡ ಬರಹದ ಒಂದು ವಿಮರ್ಶೆ

ಆಕಾಶದ ಶಿಲೆಗಳ ವಿಷಯವಾಗಿ ಕನ್ನಡದಲ್ಲಿ ಬರುವ ಬರಹಗಳಲ್ಲಿ ಒಂದು ದೋಷವು ಮತ್ತೆ ಮತ್ತೆ ತೋರುತ್ತದೆ. ಇಂತಹ ಕ್ಷುದ್ರಗ್ರಹದಲ್ಲಿ ಇಂತಹ ಖನಿಜವು ಕಂಡುಬಂದಿತೆಂದು ಬರೆಯುವುದು ವಾಡಿಕೆಯಾಗಿದೆ. ಕಂಡುದು ಬೆಳಕು, ಖನಿಜವಾದರೋ ಆ ಬೆಳಕಿನಿಂದ ಅನುಮಿತವಾದುದು. ಪ್ರತ್ಯಕ್ಷಕ್ಕೂ ಅನುಮಾನಕ್ಕೂ ಇರುವ ಭೇದವು ಕ್ರಿಯಾಪದದಲ್ಲಿಯೇ ಅಳಿಸಿಹೋದರೆ, ಶಾಸ್ತ್ರದ ಫಲವು ಓದುಗನಿಗೆ ದೊರೆತರೂ ಅದರ ಪ್ರಮಾಣವು ದೊರೆಯುವುದಿಲ್ಲ.

ಪರಿಭಾಷೆಯಲ್ಲಿಯೂ ವಿವೇಚನೆ ಅವಶ್ಯಕ. ಬಿಡಿಸಿದ ಬೆಳಕಿನ ಪಟ್ಟಿಗೆ ವರ್ಣಪಟಲವೆಂದೂ ರೋಹಿತವೆಂದೂ ಎರಡು ಹೆಸರುಗಳಿವೆ. ನೆಟ್ಟಗಿರುವ ಇಂದ್ರಧನುಸ್ಸಿಗೆ ಅಮರಕೋಶವು ರೋಹಿತವೆಂಬ ಹೆಸರನ್ನು ಕೊಡುತ್ತದೆ. ಆದುದರಿಂದ ಈ ಶಬ್ದವು ಸಮರ್ಪಕವಾಗಿದೆ. ವರ್ಣಪಟಲವೆಂಬುದು ಕಣ್ಣಿಗೆ ತೋರುವ ಬಣ್ಣಗಳನ್ನೇ ನೆನಪಿಗೆ ತರುತ್ತದೆ. ಖನಿಜನಿರ್ಣಯಕ್ಕೆ ಮುಖ್ಯವಾದ ಚಿಹ್ನೆಗಳಾದರೋ ಬಹುಮಟ್ಟಿಗೆ ಕಣ್ಣಿಗೆ ಕಾಣದ ಅವಕೆಂಪು ಭಾಗದಲ್ಲಿವೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲನ್ನು ಮೈಕ್ರಾನ್ ಎನ್ನುವರಷ್ಟೆ. ಸುಮಾರು 1 ಮೈಕ್ರಾನಿನ ಬಳಿಯಲ್ಲಿಯೂ 2 ಮೈಕ್ರಾನಿನ ಬಳಿಯಲ್ಲಿಯೂ ಬೆಳಕು ಹೀರಲ್ಪಟ್ಟಿದ್ದರೆ ಅದು ಪೈರಾಕ್ಸೀನಿನ ಗುರುತು. 1ರ ಬಳಿಯಲ್ಲಿ ಮಾತ್ರವೇ ಅಗಲವಾಗಿ ಹೀರಲ್ಪಟ್ಟಿದ್ದರೆ ಆಲಿವೀನಿನ ಗುರುತು.

ಈ ಕ್ರಮವು ನ್ಯಾಯಶಾಸ್ತ್ರವನ್ನು ಓದಿದವರಿಗೆ ಅಪರಿಚಿತವಲ್ಲ. ಹೀರಿಕೆಯ ಗೆರೆ ಹೇತು, ಖನಿಜವು ಸಾಧ್ಯ, ದೂರದ ಶಿಲೆ ಪಕ್ಷ, ಪ್ರಯೋಗಶಾಲೆಯಲ್ಲಿ ಅಳೆದ ಉಲ್ಕಾಶಿಲೆ ದೃಷ್ಟಾಂತ. 1970ರಲ್ಲಿ ವೆಸ್ಟಾದ ರೋಹಿತವನ್ನು ಬಸಾಲ್ಟಿನ ಜಾತಿಯ ಉಲ್ಕಾಶಿಲೆಗಳೊಡನೆ ಹೋಲಿಸಿದುದು ಇದೇ ಮಾರ್ಗದಿಂದ. 2011ರಲ್ಲಿ ಅಲ್ಲಿಗೆ ತಲಪಿದ ಡಾನ್ ನೌಕೆಯು ಆ ಅನುಮಾನವನ್ನು ಬಲಪಡಿಸಿತು.

ಆದರೆ ವ್ಯಾಪ್ತಿಯಿದ್ದೆಡೆಯಲ್ಲಿ ಉಪಾಧಿಯ ಶಂಕೆಯೂ ಉಂಟು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಲೇಬೇಕೆಂಬ ನಿಯಮವಿಲ್ಲ; ಕಾಯ್ದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಯ ಸೌದೆಯ ಸಂಯೋಗವೇ ಅಲ್ಲಿ ಉಪಾಧಿ. ಭೂಮಿಗೆ ಬಹಳವಾಗಿ ಬೀಳುವ ಸಾಮಾನ್ಯ ಕಾಂಡ್ರೈಟ್ ಶಿಲೆಗಳ ರೋಹಿತವು ಎಸ್ ವರ್ಗದ ಕ್ಷುದ್ರಗ್ರಹಗಳ ರೋಹಿತಕ್ಕೆ ಸರಿಹೊಂದದೆ ಬಹುಕಾಲ ಸಂದೇಹವಿದ್ದಿತು. ಸೌರಮಾರುತವೂ ಸೂಕ್ಷ್ಮಶಿಲೆಗಳ ಹೊಡೆತವೂ ಮೇಲ್ಮೈಯಲ್ಲಿ ಅತಿಸೂಕ್ಷ್ಮವಾದ ಕಬ್ಬಿಣದ ಕಣಗಳನ್ನು ಹುಟ್ಟಿಸಿ, ಮೈಯನ್ನು ಕಪ್ಪಾಗಿಸಿ ಕೆಂಪೇರಿಸಿ, ಗುರುತಿನ ಗೆರೆಗಳನ್ನು ಮಸುಕುಗೊಳಿಸುತ್ತವೆ. ಇದೇ ಇಲ್ಲಿನ ಉಪಾಧಿ. ಹಯಬುಸಾ ನೌಕೆಯು ಇಟೊಕಾವಾದಿಂದ 2010ರಲ್ಲಿ ತಂದ ಧೂಳಿನ ಪರೀಕ್ಷೆಯಿಂದ ಎರಡೂ ಒಂದೇ ಜಾತಿಯವೆಂದು 2011ರಲ್ಲಿ ಸ್ಥಿರಪಟ್ಟಿತು. ಅನುಮಾನಕ್ಕೆ ಆಗ ಪ್ರತ್ಯಕ್ಷದ ಬೆಂಬಲ ದೊರೆಯಿತು.

ಈ ವಿಚಾರವು ಆಕಾಶಕ್ಕೆ ಮಾತ್ರ ಸಂಬಂಧಿಸಿದುದಲ್ಲ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯ, ಹಳೇಬೀಡಿನ ಹೊಯ್ಸಳೇಶ್ವರ, 1220ರ ಅರಸೀಕೆರೆಯ ಈಶ್ವರ ದೇವಾಲಯ, ಇವುಗಳ ಶಿಲೆಯನ್ನು ಕೆಲವರು ಕರಿಕಲ್ಲೆಂದು ಬರೆದುಬಿಡುವುದುಂಟು. ಎಣ್ಣೆ, ಕೈಸೋಂಕು, ಗಾಳಿಮಳೆಗಳಿಂದ ಬಂದ ಮೈಬಣ್ಣವನ್ನೇ ಕಲ್ಲಿನ ಜಾತಿಯೆಂದೆಣಿಸಿದ ಫಲವಿದು. ಜನರು ಇಟ್ಟ ಬಳಪದ ಕಲ್ಲೆಂಬ ಹೆಸರು ಇದಕ್ಕಿಂತ ಶಾಸ್ತ್ರೀಯವಾದುದು. ಅದು ಬಣ್ಣವನ್ನು ನೋಡದೆ, ಗೀಚಿದರೆ ಗೆರೆ ಬೀಳುವ ಮೃದುತ್ವವನ್ನು ಹಿಡಿದು ಹೊರಟಿದೆ. ಟಾಲ್ಕ್, ಕ್ಲೋರೈಟ್ ಎಂಬ ಮೆದು ಖನಿಜಗಳಿರುವ ಶಿಲೆಗೆ ಅದು ಒಪ್ಪುತ್ತದೆ.

ಇನ್ನೊಂದು ಹೇತ್ವಾಭಾಸವನ್ನೂ ಗಮನಿಸತಕ್ಕದ್ದು. ಟಾಲ್ಕಿನಲ್ಲಿಯೂ ಕ್ಲೋರೈಟಿನಲ್ಲಿಯೂ ಹೈಡ್ರಾಕ್ಸಿಲ್ ಇದೆ. ಬೆನ್ನು ಎಂಬ ಕ್ಷುದ್ರಗ್ರಹದ ರೋಹಿತದಲ್ಲಿ 2.74 ಮೈಕ್ರಾನಿನ ಬಳಿ ತೋರಿದ ಹೀರಿಕೆಯಿಂದ ಅಲ್ಲಿಯೂ ಹೈಡ್ರಾಕ್ಸಿಲುಳ್ಳ ಖನಿಜಗಳಿವೆಯೆಂದು ಅನುಮಾನವಾಯಿತು. 2023ರ ಸೆಪ್ಟೆಂಬರಿನಲ್ಲಿ ಭೂಮಿಗೆ ಬಂದ 121.6 ಗ್ರಾಂ ಮಾದರಿಯಲ್ಲಿ ಸರ್ಪೆಂಟೀನ್ ಮೊದಲಾದುವು ದೊರೆತು ಅದು ನಿಜವಾಯಿತು. ಇಷ್ಟರಿಂದ ಹಳೇಬೀಡಿನ ಕಲ್ಲೇ ಆಕಾಶದಲ್ಲಿಯೂ ಇದೆಯೆಂದು ಯಾರಾದರೂ ಸಾಧಿಸಹೊರಟರೆ ಅದು ಸಾಧಾರಣ ಹೇತುವಿನ ದೋಷ. ಒಂದು ಭೂಗರ್ಭದ ಒತ್ತಡಕ್ಕೂ ಕಾವಿಗೂ ಸಿಕ್ಕಿ ಮಾರ್ಪಟ್ಟುದು. ಮತ್ತೊಂದು ಬೆನ್ನುವಿನ ಮೂಲಪಿಂಡದಲ್ಲಿ ನೀರಿನ ಸಂಪರ್ಕದಿಂದ ಹುಟ್ಟಿದುದು. ಹೈಡ್ರಾಕ್ಸಿಲ್ ಎರಡಕ್ಕೂ ಸಮಾನ. ಎರಡರ ಚರಿತ್ರೆ ಬೇರೆ ಬೇರೆ.

ಪ್ರಾಚೀನ ನ್ಯಾಯಶಾಸ್ತ್ರದಲ್ಲಿ ಆಧುನಿಕ ಶೋಧನೆಗಳೆಲ್ಲ ಅಡಗಿದ್ದುವೆಂಬ ವಾದಕ್ಕೆ ಇಲ್ಲಿ ಅವಕಾಶವಿಲ್ಲ. ರೋಹಿತದರ್ಶಕವು ನೈಯಾಯಿಕರಿಗೆ ತಿಳಿದಿರಲಿಲ್ಲ. ಅವರು ಕೊಟ್ಟಿರುವುದು ಮಾತಿನ ಶಿಸ್ತು. ಕನ್ನಡದಲ್ಲಿ ಕಂಡಿತು, ಊಹಿಸಲಾಯಿತು, ಸಿದ್ಧವಾಯಿತು ಎಂಬ ಮೂರು ಕ್ರಿಯಾಪದಗಳು ಸಿದ್ಧವಾಗಿರುವಾಗ ಒಂದರಿಂದಲೇ ಮೂರನ್ನೂ ಹೇಳುವುದು ಭಾಷೆಯ ಬಡತನವಲ್ಲ, ಬರೆಯುವವರ ಅನಾದರ. ವಿದ್ಯಾರ್ಥಿಗಳಿಗೆ ಪಾಠ ಹೇಳುವವರು ರೋಹಿತವನ್ನು ಕಂಡರೆಂದೂ, ಖನಿಜವನ್ನು ಊಹಿಸಿದರೆಂದೂ, ಮಾದರಿಯಿಂದ ಅದು ಸಿದ್ಧವಾಯಿತೆಂದೂ ಬೇರೆ ಬೇರೆಯಾಗಿ ಬರೆಯಿಸಿದರೆ ಶಾಸ್ತ್ರಕ್ಕೂ ಕನ್ನಡಕ್ಕೂ ಸಮಾನವಾದ ಉಪಕಾರವಾಗುವುದು.