ವಾರದ ಕಂತು, ವರ್ಷದ ಕಬ್ಬು

ಬಂದ ಹಣದಲ್ಲಿ ಅರ್ಧ ಅಗತ್ಯಕ್ಕೆ, ನೂರಕ್ಕೆ ಮೂವತ್ತು ಆಸೆಗೆ, ಉಳಿದ ಇಪ್ಪತ್ತು ಉಳಿತಾಯಕ್ಕೂ ಸಾಲ ತೀರಿಸುವುದಕ್ಕೂ. ಅಮೆರಿಕದ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು 2005ರಲ್ಲಿ ಬರೆದ ಪುಸ್ತಕದ ಈ ಸೂತ್ರ ಈಗ ಕನ್ನಡದ ಹಣಕಾಸು ಅಂಕಣಗಳಲ್ಲಿ, ಯೂಟ್ಯೂಬ್ ಬೋಧನೆಗಳಲ್ಲಿ ಯಾರ ಹೆಸರೂ ಇಲ್ಲದೆ ಓಡಾಡುತ್ತಿದೆ. ತಿಂಗಳ ಒಂದನೇ ತಾರೀಖು ಸಂಬಳ ಎಣಿಸುವವರಿಗೆ ಇದು ಒಳ್ಳೆಯ ಸೂತ್ರವೇ. ಪಾಂಡವಪುರ ಕಡೆಯ ಒಂದು ಕಬ್ಬಿನ ಮನೆಗೆ ತಂದರೆ ಮಾತ್ರ ಹೊಸಿಲಲ್ಲೇ ಎಡವುತ್ತದೆ. ‘ಬಂದ ಹಣ’ ಎಂದರೆ ಯಾವ ತಿಂಗಳದ್ದು? ನಾಟಿಯಿಂದ ಕಟಾವಿಗೆ ಹನ್ನೆರಡು ತಿಂಗಳು, ಕೆಲವು ಸಲ ಹದಿನಾಲ್ಕು. ಹಸುವಿಗೆ ಹಾಕುವ ಬೂಸ, ಹಿಂಡಿ ಅಗತ್ಯದ ಖರ್ಚೋ, ಬಂಡವಾಳವೋ? ನಾದಿನಿಯ ಮಗಳ ಮದುವೆಗೆ ಮಾಡುವ ಮುಯ್ಯಿ ಆಸೆಯೋ, ಸಾಲ ತೀರಿಸುವುದೋ? ಆ ಮೂರು ಖಾನೆಗಳಲ್ಲಿ ಯಾವುದರಲ್ಲಿ ಬರೆಯಬೇಕೆಂದು ಹೇಳಬಲ್ಲವರು ಯಾರೂ ಇಲ್ಲ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಸಾಧಾರಣ ಮನೆಗಳಲ್ಲಿ ಆಯವ್ಯಯ ಬರೆಯುವುದು ಸೂತ್ರವೂ ಅಲ್ಲ, ಮನೆಯ ಯಜಮಾನನೂ ಅಲ್ಲ. ವಾರದ ಸಂಘ. ಸಂಘ ಎಂಬ ಹೆಸರಿನಲ್ಲಿ ಹಲವು ಬಗೆ ಸೇರಿಕೊಂಡಿದೆ. 2000ದಲ್ಲಿ ಸರ್ಕಾರ ಶುರು ಮಾಡಿದ ಸ್ತ್ರೀಶಕ್ತಿ ಗುಂಪುಗಳಂತೆ ಮೊದಲು ಉಳಿಸಿ ಆಮೇಲೆ ಸಾಲ ಕೊಡುವವು ಒಂದು ಕಡೆ, ಉಳಿತಾಯದ ಗೊಡವೆಯೇ ಇಲ್ಲದೆ ಸಾಲವನ್ನಷ್ಟೇ ಕೊಟ್ಟು ವಾರವಾರ ವಸೂಲಿಗೆ ಬರುವ ಮೈಕ್ರೋಫೈನಾನ್ಸ್ ಕಂಪನಿಗಳು ಇನ್ನೊಂದು ಕಡೆ. ಇಲ್ಲಿ ನಾನು ತೂಗಲು ಹೊರಟಿರುವುದು ಎರಡನೆಯದನ್ನು. ವಸೂಲಿಯ ಕಾಟಕ್ಕೆ ಸಾಲಗಾರರು ಆತ್ಮಹತ್ಯೆ ಮಾಡಿಕೊಂಡ 2025ರ ಜನವರಿಯ ಸುದ್ದಿಗಳ ನಂತರ ಇದನ್ನು ಬೈಯುವುದು ಸುಲಭವಾಗಿದೆ. ಬೈಯುವ ಮೊದಲು ಅದಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ.

ಸೊಸೈಟಿಯಲ್ಲಿ ಬೆಳೆಸಾಲ ಬೇಕೆಂದರೆ ಪಹಣಿ ಬೇಕು. ಪಹಣಿ ಇರುವುದು ಮಾವನ ಹೆಸರಲ್ಲಿ, ಬಹಳವೆಂದರೆ ಗಂಡನ ಹೆಸರಲ್ಲಿ. 2023ರಿಂದ ಐದು ಲಕ್ಷದವರೆಗೆ ಬಡ್ಡಿಯಿಲ್ಲದ ಸಾಲ ಎಂದು ಸರ್ಕಾರ ಹೇಳಿದೆ, ನಿಜ. ಆದರೆ ಗದ್ದೆಯಲ್ಲಿ ದುಡಿಯುವ ಸೊಸೆಗೆ ಅದು ಗೋಡೆಯ ಮೇಲಿನ ಬರಹ. ಕೂಲಿಯವರಿಗಂತೂ ಪಹಣಿಯೇ ಇಲ್ಲ. ಅಂಥ ಹೆಂಗಸಿನ ಸ್ವಂತ ಹೆಸರಿಗೆ, ಅವಳ ಸ್ವಂತ ಖಾತೆಗೆ, ಒಡವೆ ಅಡ ಇಡದೆ ಐವತ್ತು ಸಾವಿರ ಹಾಕಿದ ಮೊದಲ ಸಂಸ್ಥೆ ವಾರದ ಸಂಘವೇ. ಬಡ್ಡಿಯ ಲೆಕ್ಕದಲ್ಲೂ ಅದು ಊರಿನ ಕೈಸಾಲಕ್ಕಿಂತ ಅಗ್ಗ. ಐವತ್ತು ಸಾವಿರವನ್ನು ವರ್ಷಕ್ಕೆ ನೂರಕ್ಕೆ 24ರಂತೆ, ಉಳಿದ ಅಸಲಿನ ಮೇಲಷ್ಟೇ ಬಡ್ಡಿ ಹಾಕಿ, 104 ವಾರ ಕಟ್ಟಿಸಿಕೊಂಡರೆ ವಾರಕ್ಕೆ ಸುಮಾರು 606 ರೂಪಾಯಿ ಬೀಳುತ್ತದೆ. ಎರಡು ವರ್ಷಕ್ಕೆ ಬಡ್ಡಿ ಹದಿಮೂರು ಸಾವಿರ. ಅದೇ ದುಡ್ಡನ್ನು ತಿಂಗಳಿಗೆ ‘ನೂರಕ್ಕೆ ಮೂರು ರೂಪಾಯಿ’ಯ ಕೈಸಾಲವಾಗಿ ಎರಡು ವರ್ಷ ಇಟ್ಟುಕೊಂಡರೆ ಬಡ್ಡಿಯೇ ಮೂವತ್ತಾರು ಸಾವಿರ, ಅಸಲು ಹಾಗೇ ನಿಂತಿರುತ್ತದೆ. ಮೀಟರ್ ಬಡ್ಡಿಯ ಮಾತು ಬೇಡವೇ ಬೇಡ. ಅದನ್ನು 2004ರಲ್ಲೇ ಕಾನೂನು ನಿಷೇಧಿಸಿದ್ದರೂ ಸಂತೆಬೀದಿಗಳಲ್ಲಿ ಅದು ಸತ್ತಿಲ್ಲ.

ಕಾಗದದ ಮೇಲೆ ಗೆದ್ದ ಈ ಸಾಲ ಮನೆಯಲ್ಲಿ ಸೋಲುವುದು ಎಲ್ಲಿ? ಬಡ್ಡಿಯ ದರದಲ್ಲಲ್ಲ, ವಾರದಲ್ಲಿ.

ಅದೇ ಐವತ್ತು ಸಾವಿರ ಕಬ್ಬಿನ ಗೊಬ್ಬರಕ್ಕೆ, ಕಳೆಗೆ, ಕೊಳವೆಬಾವಿಯ ಮೋಟಾರಿಗೆ ಹೋಯಿತೆನ್ನಿ. ಮುಂದಿನ ವಾರದಿಂದಲೇ ಕಂತು. ಕಬ್ಬಿನ ಬಿಲ್ಲು ಹದಿಮೂರನೇ ತಿಂಗಳಲ್ಲಿ ಕೈಗೆ ಬರುವ ಹೊತ್ತಿಗೆ 56 ಕಂತು, ಅಂದರೆ ಹತ್ತಿರ ಹತ್ತಿರ ಮೂವತ್ತನಾಲ್ಕು ಸಾವಿರ ರೂಪಾಯಿ ಆಗಲೇ ಕಟ್ಟಿಯಾಗಿರುತ್ತದೆ. ಕಬ್ಬಿಗಾಗಿ ಮಾಡಿದ ಸಾಲ, ಕಬ್ಬು ತೀರಿಸದ ಸಾಲ. ತೀರಿಸಿದ್ದು ಹಸು. ಎಂಟು ಲೀಟರ್ ಕೊಡುವ ಒಂದು ಹಸು ಇದೆ, ಪ್ರೋತ್ಸಾಹಧನವೂ ಸೇರಿ ಲೀಟರಿಗೆ ಮೂವತ್ತೈದು ಸಿಗುತ್ತದೆ ಎಂದು ಲೆಕ್ಕಕ್ಕೆ ಹಿಡಿಯೋಣ. ವಾರಕ್ಕೆ 1,960 ರೂಪಾಯಿ. ಅರ್ಧ ಬೂಸ, ಹಿಂಡಿ, ಡಾಕ್ಟರಿಗೆ. ಉಳಿದದ್ದು ಸಾವಿರಕ್ಕೆ ಸ್ವಲ್ಪ ಕಡಿಮೆ. ಒಂದು ಕಂತು ಕಟ್ಟಿದರೆ ನಾನೂರರ ಒಳಗೆ ಉಳಿಯುತ್ತದೆ, ಅದರಲ್ಲಿ ಎಣ್ಣೆ, ಸೋಪು, ಮಗುವಿನ ಆಟೋ. ಎರಡನೇ ಸಂಘಕ್ಕೆ ಸೇರಿದ ವಾರದಿಂದ ಲೆಕ್ಕ ಹರಿಯುತ್ತದೆ. ಎರಡು ಕಂತು 1,212, ಹಸು ಕೊಡುವುದು ಸಾವಿರ. ಹಸು ಕರು ಹಾಕುವ ಮುಂಚೆ ಎರಡು ತಿಂಗಳು ಹಾಲು ನಿಲ್ಲಿಸುತ್ತದಲ್ಲ, ಆಗ ಕಂತೇನೂ ನಿಲ್ಲುವುದಿಲ್ಲ.

ಕಂತಿನ ಹಿಂದಿನ ಸಂಜೆ ಯಾವುದೇ ಊರಿನ ಜಗಲಿಯ ಮೇಲೆ ಈ ಮಾತು ಕೇಳುತ್ತದೆ: “ಅಕ್ಕಯ್ಯ, ಒಂದೈನೂರಿದ್ರೆ ಕೊಡಿ, ಡೈರಿ ಬಟವಾಡೆ ಆದೇಟಿಗೆ ಕೊಟ್ಬುಡ್ತೀನಿ.” ಅಕ್ಕಯ್ಯನೂ ಅದೇ ಗುಂಪಿನವಳು. ಇವಳು ಕಟ್ಟದಿದ್ದರೆ ನಾಳೆ ಬೆಳಗ್ಗೆ ಗುಂಪಿನ ಸಭೆಯಿಂದ ಅವಳೂ ಏಳುವಂತಿಲ್ಲ, ಅದಕ್ಕೇ ಕೊಡುತ್ತಾಳೆ. ಬೈಕಿನಲ್ಲಿ ಬಂದ ಹುಡುಗ ನೋಟು ಎಣಿಸಿ, ಕಾರ್ಡಿನಲ್ಲಿ ಸಹಿ ಹಾಕಿ, ಮುಂದಿನ ಊರಿಗೆ ಹೋಗುತ್ತಾನೆ. ಕಂಪನಿಯ ಪುಸ್ತಕದಲ್ಲಿ ಅದು ನೂರಕ್ಕೆ ನೂರು ವಸೂಲಿ. ಆ ಐನೂರು ಎಲ್ಲಿಂದ ಬಂತು, ಅದಕ್ಕೆ ಏನು ಬಿತ್ತು ಎಂಬುದು ಯಾರ ಪುಸ್ತಕದಲ್ಲೂ ಇಲ್ಲ. ಮೂರು ಸಂಘ, ನಾಲ್ಕು ಸಂಘ ಆದಾಗ ಒಂದರ ಸಾಲದಿಂದ ಇನ್ನೊಂದರ ಕಂತು ಹೋಗುತ್ತಿರುತ್ತದೆ. ಅಗ್ಗದ ಸಾಲವೆಂದು ನಾವು ಹಾಕಿದ 24ರ ಲೆಕ್ಕ ಅಲ್ಲಿ ನಿಲ್ಲುವುದಿಲ್ಲ.

ವಾರದ ಈ ಕಂತು ಕಬ್ಬಿನ ನಾಡಿಗೆಂದು ಹುಟ್ಟಿದ್ದೇ ಅಲ್ಲ. ಬಾಂಗ್ಲಾದೇಶದ ಜೋಬ್ರಾ ಎಂಬ ಊರಲ್ಲಿ 1976ರಲ್ಲಿ ಮುಹಮ್ಮದ್ ಯೂನುಸ್ ಬಿದಿರಿನ ಸ್ಟೂಲು ಹೆಣೆಯುವ ಹೆಂಗಸರಿಗೆ ಸಣ್ಣ ಸಾಲ ಕೊಟ್ಟು ಶುರು ಮಾಡಿದ ಪದ್ಧತಿ. ದಿನವೂ ಹೆಣೆದು ದಿನವೂ ಮಾರುವವರಿಗೆ ವಾರದ ಕಂತು ಹೊಂದುತ್ತದೆ. ಶ್ರೀರಂಗಪಟ್ಟಣದ ಕೋಟೆಯ ಹತ್ತಿರ, ಸಂಗಮದಲ್ಲಿ ಎಳನೀರು, ಚುರುಮುರಿ ಮಾರುವವರಿಗೂ ಹೊಂದುತ್ತದೆ. ಪ್ರವಾಸಿಗರು ಬರುವ ದಿನ ಅವರ ಗಲ್ಲಾ ತುಂಬುತ್ತದೆ. ಅದೇ ತಾಲ್ಲೂಕಿನಲ್ಲಿ ಕೆ.ಆರ್.ಎಸ್. ನಾಲೆಯ ನೀರಿನ ಭತ್ತದ ಗದ್ದೆಯವನಿಗೆ ಹೊಂದುವುದಿಲ್ಲ. ನಮ್ಮ ಆರ್ಥಿಕ ಸಾಕ್ಷರತೆಯ ಭಾಷಣಗಳು ಈ ಇಬ್ಬರನ್ನೂ ‘ಕಡಿಮೆ ಆದಾಯದ ಕುಟುಂಬ’ ಎಂದು ಒಂದೇ ಬೆಂಚಿನಲ್ಲಿ ಕೂರಿಸುತ್ತವೆ.

ನೀರಾವರಿಯ ಊರು ಸುಖಿ, ಬೆದ್ದಲಿನ ಊರು ದುಃಖಿ ಎಂಬ ನಂಬಿಕೆಯನ್ನೂ ಇಲ್ಲಿ ಸ್ವಲ್ಪ ಅಲುಗಿಸಬೇಕು. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 56ರವರೆಗೆ ಮಂಡ್ಯದ ಸುತ್ತಿನ ಎರಡು ಊರುಗಳಲ್ಲಿ ಇದ್ದು ಅಧ್ಯಯನ ಮಾಡಿದರು. ವಂಗಲ, ದಾಲೇನ ಎಂದು ಬದಲಿ ಹೆಸರು ಕೊಟ್ಟು 1962ರಲ್ಲಿ ಪುಸ್ತಕ ತಂದರು. ವಿಶ್ವೇಶ್ವರಯ್ಯ ನಾಲೆಯ ನೀರು ಸಿಕ್ಕ ಊರು ಕಬ್ಬು ಹಾಕಿ ಬೇಸಾಯದಲ್ಲೇ ಉಳಿಯಿತು. ನೀರು ಸಿಗದ ಊರಿನವರು ಕಾರ್ಖಾನೆ ಕೆಲಸಕ್ಕೆ, ವ್ಯಾಪಾರಕ್ಕೆ, ಗಾಡಿ ಬಾಡಿಗೆಗೆ, ಬೇರೆ ಊರಲ್ಲಿ ಗದ್ದೆ ಕೊಳ್ಳುವುದಕ್ಕೆ ಹೊರಟರು. ಇದನ್ನು ಸಾಲದ ಕಣ್ಣಿನಿಂದ ಓದಿದರೆ ಇವತ್ತಿನ ನಾಗಮಂಗಲ ಕಾಣುತ್ತದೆ. ರಾಗಿ ಮನೆಗೆ, ತೆಂಗಿನಕಾಯಿ ಆಗಾಗ ಕೈಗೆ, ಹಾಲು ಡೈರಿಗೆ, ಮಗ ಬೆಂಗಳೂರಿನಲ್ಲಿ. ಹಣ ಕಡಿಮೆ, ಆದರೆ ಹಲವು ಕಾಲುವೆಗಳಲ್ಲಿ ಬರುತ್ತದೆ. ವಾರದ ಕಂತನ್ನು ನಾಗಮಂಗಲದ ಬೆದ್ದಲು ಮನೆ ತಡೆದುಕೊಂಡಷ್ಟು ಪಾಂಡವಪುರದ ಕಬ್ಬಿನ ಮನೆ ತಡೆದುಕೊಳ್ಳಲಾರದು ಎಂಬುದು ನನ್ನ ಅನಿಸಿಕೆ. ಕೆ.ಆರ್.ಪೇಟೆಗೆ ಇನ್ನೊಂದು ಅಪಾಯವಿದೆ. ಅಲ್ಲಿನ ಎಷ್ಟೋ ಮನೆಗಳ ಕಾಲುವೆ ಮುಂಬೈಯಿಂದ ಹರಿಯುತ್ತಿತ್ತು. 2020ರ ಮೇ ತಿಂಗಳಲ್ಲಿ ಮುಂಬೈಯವರೆಲ್ಲ ಊರಿಗೆ ಬಂದು ಕ್ವಾರಂಟೈನ್ ಆದಾಗ ದುಡ್ಡು ಕಳಿಸುವವರೇ ಉಣ್ಣುವವರಾದರು. ಆ ವರ್ಷ ರಿಸರ್ವ್ ಬ್ಯಾಂಕು ಆರು ತಿಂಗಳು ಕಂತಿಗೆ ಬಿಡುವು ಕೊಟ್ಟಿತು, ಬಡ್ಡಿ ಮಾತ್ರ ಓಡುತ್ತಲೇ ಇತ್ತು.

ಕಬ್ಬಿನ ಮನೆಯ ಕಷ್ಟ ಕಟಾವಿಗೆ ಮುಗಿಯುವುದೂ ಇಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಸಾಗಿಸಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ. ಸಂಘದ ಕಂತು ಒಂದು ದಿನ ತಪ್ಪಿದರೆ ಮನೆ ಮುಂದೆ ಬೈಕು ನಿಲ್ಲುವ ಈ ಸೀಮೆಯಲ್ಲಿ, ಬಾಕಿ ಉಳಿಸಿಕೊಂಡ ಕಾರ್ಖಾನೆಯ ಮುಂದೆ ಬೈಕು ನಿಲ್ಲಿಸಿ ಆ 15ರ ಬಡ್ಡಿ ಎಣಿಸಿಕೊಂಡು ಬಂದ ರೈತ ಎಲ್ಲಿದ್ದಾನೆ? ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯಂತೂ ವರ್ಷಗಟ್ಟಲೆ ಬಾಗಿಲು ಹಾಕಿ, 2020ರಲ್ಲಿ ನಲವತ್ತು ವರ್ಷಕ್ಕೆ ನಿರಾಣಿ ಶುಗರ್ಸ್‌ಗೆ ಗುತ್ತಿಗೆಗೆ ಹೋಯಿತು. ಅದು ಮುಚ್ಚಿದ್ದ ಕಾಲದಲ್ಲಿ ಕಬ್ಬು ದೂರದ ಕಾರ್ಖಾನೆಗೆ, ಇಲ್ಲವೇ ಆಲೆಮನೆ ಕೊಟ್ಟ ದರಕ್ಕೆ. ಮನೆಯ ಲೆಕ್ಕ ಬರೆಯಲು ಕಲಿಸುವವರು ಈ ಬಾಕಿಯನ್ನು ಯಾವ ಕಾಲಮ್ಮಿನಲ್ಲೂ ಹಾಕಿಸುವುದಿಲ್ಲ.

ಊರಿನ ಹಳೆಯ ಪದ್ಧತಿಗಳು ಈ ಕಾಲಮಾನವನ್ನು ಚೆನ್ನಾಗಿ ಬಲ್ಲವು. ಒಡವೆ ಅಡ ಇಟ್ಟರೆ ಬೆಳೆ ಬಂದಾಗ ಒಂದೇ ಏಟಿಗೆ ಬಿಡಿಸಿಕೊಳ್ಳಬಹುದು. ಚೀಟಿಯೂ ಕೂಡಿಟ್ಟ ಗಂಟನ್ನು ಬೇಕಾದಾಗ ಕೊಡುತ್ತದೆ, ನಡೆಸುವವನು ಊರು ಬಿಡದಿದ್ದರೆ. ಹೆಚ್ಚು ಹೇಳಬೇಕಾದದ್ದು ಮುಯ್ಯಿಯ ಬಗ್ಗೆ. ಛತ್ರದ ಬಾಗಿಲ ಹತ್ತಿರ ಮೇಜು ಹಾಕಿ, ಉದ್ದನೆಯ ನೋಟ್‌ಬುಕ್ಕಿನಲ್ಲಿ ಊರು, ಹೆಸರು, ಮೊತ್ತ ಬರೆದುಕೊಳ್ಳುವ ಈ ಪದ್ಧತಿಯನ್ನು ಪೇಟೆಯವರು ಉಡುಗೊರೆ ಎಂದುಕೊಂಡಿದ್ದಾರೆ. ಅದು ನೂರಾರು ಜನ ಸೇರಿ ಕೊಡುವ ಬಡ್ಡಿಯಿಲ್ಲದ ಸಾಲ. ದೊಡ್ಡ ಖರ್ಚಿನ ದಿನವೇ ಕೈಗೆ ಬರುತ್ತದೆ, ತೀರಿಸುವುದು ಅವರ ಮನೆಯ ಮದುವೆಗಳಲ್ಲಿ, ಚೂರುಚೂರಾಗಿ, ವರ್ಷಗಳ ಮೇಲೆ. ಇಷ್ಟು ಜಾಣತನದ ಸಾಲವನ್ನು ಯಾವ ಬ್ಯಾಂಕೂ ಕಂಡುಹಿಡಿದಿಲ್ಲ. ಕೆಟ್ಟಿದ್ದು ಊಟದಲ್ಲಿ. ಮದುವೆಯ ಊಟ ಸಾಲದೆಂದು ಬೀಗರೂಟ ಬೆಳೆಯಿತು. ಕುರಿಗಳ ಲೆಕ್ಕ ಮರ್ಯಾದೆಯ ಲೆಕ್ಕವಾಯಿತು. ಬಂದ ಮುಯ್ಯಿ ಅಡಿಗೆಯವರಿಗೂ ಶಾಮಿಯಾನದವರಿಗೂ ಸಾಲದೆ ಹೋಯಿತು. ಈಚೆಗೆ ಲಗ್ನಪತ್ರಿಕೆಗಳಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸುವುದು ದೊಡ್ಡತನವಾಗಿದೆ. ಹಣವಿದ್ದವರಿಗೆ ದೊಡ್ಡತನವೇ. ಇಪ್ಪತ್ತು ವರ್ಷ ಊರೂರು ತಿರುಗಿ ಮುಯ್ಯಿ ಮಾಡಿಬಂದ ಸಾಧಾರಣ ಮನೆಯವರು ಅದನ್ನು ನೋಡಿ ನಾಚಿಕೆಯಿಂದ ತಾವೂ ಅಚ್ಚು ಹಾಕಿಸಿದರೆ, ಬರಬೇಕಾದ ಬಾಕಿಯನ್ನು ತಾವೇ ಮನ್ನಾ ಮಾಡಿ, ಅದೇ ಮೊತ್ತಕ್ಕೆ ಸಂಘದ ಬಾಗಿಲಿಗೆ ಹೋದಂತೆ.

ಸರ್ಕಾರ ಮಾಡಿದ್ದೇನು? ಕಿರುಸಾಲದ ವಸೂಲಿಯಲ್ಲಿ ಬಲವಂತ ತಡೆಯುವ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಒಮ್ಮೆ ಹಿಂದಕ್ಕೆ ಕಳಿಸಿ, 2025ರ ಫೆಬ್ರವರಿ 12ರಂದು ಅಂಕಿತ ಹಾಕಿದರು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಬೆದರಿಕೆ ಹಾಕುವವರಿಗೆ ಇದು ಬೇಕಿತ್ತು. ಆದರೆ ಅದರಲ್ಲಿರುವ ಸಾಲ ಮನ್ನಾದ ಮಾತು ನೋಂದಣಿಯಿಲ್ಲದ ಲೇವಾದೇವಿಗಾರರಿಗಷ್ಟೇ ತಾಗುತ್ತದೆ. 2010ರಲ್ಲಿ ಆಂಧ್ರಪ್ರದೇಶ ಇಂಥದೇ ಕಾನೂನು ತಂದಾಗ ಬೈಕುಗಳ ಜೊತೆ ಸಾಲವೂ ನಿಂತುಹೋಗಿತ್ತು ಎಂಬುದನ್ನು ಮರೆಯುವಂತಿಲ್ಲ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿ ಯೋಜನೆಯಲ್ಲಿ ತಿಂಗಳಿಗೆ ಎರಡು ಸಾವಿರ ಬರುತ್ತಿದೆ. ಒಳ್ಳೆಯದೇ. ನಮ್ಮ 606ರ ಕಂತು ತಿಂಗಳಿಗೆ 2,600 ದಾಟುತ್ತದೆ, ಮತ್ತು ಯೋಜನೆಯ ಹಣ ಯಾವ ತಾರೀಖಿಗೆ ಬೀಳುತ್ತದೆಂದು ನಂಬಿ ಯಾರೂ ಕಂತು ಒಪ್ಪಿಕೊಳ್ಳುವಂತಿಲ್ಲ.

ತಪ್ಪಿನ ಬೇರು ಇರುವುದು ರಿಸರ್ವ್ ಬ್ಯಾಂಕಿನ 2022ರ ನಿಯಮದಲ್ಲೇ. ವರ್ಷಕ್ಕೆ ಮೂರು ಲಕ್ಷದವರೆಗೆ ಆದಾಯವಿರುವ ಮನೆಗೆ ಅಡಮಾನವಿಲ್ಲದ ಸಾಲ, ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಮೂರು ಲಕ್ಷವನ್ನು ಹನ್ನೆರಡರಿಂದ ಭಾಗಿಸಿ, ಇಪ್ಪತ್ತೈದು ಸಾವಿರದಲ್ಲಿ ಅರ್ಧ, ಹನ್ನೆರಡೂವರೆ ಸಾವಿರ ಕಂತು ಕಟ್ಟಬಲ್ಲಳು ಎಂದು ಸಾಲಗಾರ್ತಿಯ ಹೆಸರಿನ ಮುಂದೆ ಬರೆಯುವುದು ನಿಯಮದ ಪ್ರಕಾರ ಸರಿ. ಕಬ್ಬು ಮಾತ್ರ ಹನ್ನೆರಡರಿಂದ ಭಾಗವಾಗುವುದಿಲ್ಲ. ವಿಚಿತ್ರವೆಂದರೆ ಮದ್ದೂ ಅದೇ ನಿಯಮಗಳಲ್ಲಿದೆ. ಸಾಲಗಾರರ ಅಗತ್ಯ ನೋಡಿ ಕಂತಿನ ಅವಧಿಯನ್ನು ಹೊಂದಿಸುವ ನೀತಿಯನ್ನು ಪ್ರತಿ ಸಂಸ್ಥೆಯ ಆಡಳಿತ ಮಂಡಳಿಯೂ ಮಾಡಿರಬೇಕು. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ನಂತರ ವಸೂಲಿಗೆ ಫೋನು ಮಾಡುವಂತಿಲ್ಲ. ಬಡ್ಡಿ, ಶುಲ್ಕಗಳನ್ನು ಬರೆದ ಮಾಹಿತಿ ಪತ್ರವನ್ನು ಸಾಲಗಾರ್ತಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಕೊನೆಯ ಮೂರನ್ನು ಸಂಘದ ಹೆಂಗಸರು ಈಗ ಅಲ್ಪಸ್ವಲ್ಪ ಬಲ್ಲರು. ಮೊದಲನೆಯದನ್ನು ಕೇಳುವವರಿಲ್ಲ. ಕಂತನ್ನು ಹಾಲಿನ ಬಟವಾಡೆಯ ದಿನಕ್ಕೆ ಇಡಿ, ದೊಡ್ಡ ಭಾಗವನ್ನು ಕಟಾವಿನ ತಿಂಗಳಿಗೆ ಬಿಡಿ, ಹಸು ಹಾಲು ನಿಲ್ಲಿಸಿದ ಎರಡು ತಿಂಗಳು ಬಡ್ಡಿ ಮಾತ್ರ ತಗೊಳ್ಳಿ ಎಂದು ಗುಂಪಿನ ಹತ್ತು ಮಂದಿ ಸಹಿ ಹಾಕಿ ಕೇಳಿದರೆ, ಬೈಕಿನ ಹುಡುಗನಿಗೆ ಉತ್ತರ ಕೊಡುವ ಅಧಿಕಾರವಿಲ್ಲ. ಅವನ ಮೇಲಿನವರಿಗೆ ಇದೆ. ಆ ಅರ್ಜಿ ಇನ್ನೂ ಅವರ ಮೇಜು ಮುಟ್ಟಿಲ್ಲ.