ಕೆಂಡದ ಮೇಲಿನ ಖಂಡ

ಜೂನ್ ಕೊನೆಯ ಯುಹಾನುಸ್ ಹಬ್ಬದಲ್ಲಿ ಫಿನ್‌ಲ್ಯಾಂಡಿನವರು ಕೆರೆದಂಡೆಯಲ್ಲಿ ಬೆಂಕಿ ಹಾಕಿ, ಮಕ್ಕರ ಎನ್ನುವ ಸಾಸೇಜ್ ಸುಟ್ಟು ಸಾಸಿವೆ ಹಚ್ಚಿ ತಿನ್ನುತ್ತಾರೆ. ಅವರಿಗೆ ಬಿಸಿಲೇ ಹಬ್ಬ. ಚಳ್ಳಕೆರೆ, ಮೊಳಕಾಲ್ಮುರಿನವರಿಗೆ ಬಿಸಿಲಿನ ಬರವಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಯಿದು. ಕುರಿಗೂ ಕೊರತೆಯಿಲ್ಲ. ಇವೆರಡೂ ಕೂಡಿದಾಗ ಹುಟ್ಟುವುದು ಒಣ ಖಂಡ.

ಜಾತ್ರೆಯಲ್ಲೋ ಮದುವೆಯಲ್ಲೋ ಮಿಕ್ಕ ಬಾಡನ್ನು ಎಳೆಯ ಗುಂಟ ಉದ್ದಕ್ಕೆ ಸೀಳಬೇಕು. ಅಡ್ಡ ಕೊಯ್ದರೆ ಒಣಗಿದ ಮೇಲೆ ಪುಡಿಯಾಗುತ್ತದೆ. ಉಪ್ಪು, ಅರಿಶಿನ ತಿಕ್ಕಿ, ದಾರಕ್ಕೆ ಪೋಣಿಸಿ ಅಂಗಳದಲ್ಲಿ ಕಟ್ಟಿದರಾಯಿತು. ಉಪ್ಪು ನೀರೆಳೆಯುತ್ತದೆ, ಒಣಗಾಳಿ ಅದನ್ನು ಹೊತ್ತೊಯ್ಯುತ್ತದೆ. ಕಾಗೆ ಕಾಯುವ ಕೆಲಸ ಮಾತ್ರ ಮಕ್ಕಳದು, ಅವರೂ ಸಾಚಾ ಕಾವಲುಗಾರರೇನಲ್ಲ! ಕೆಲವು ದಿನಕ್ಕೆ ಖಂಡ ಕಪ್ಪಗೆ ಬಿರುಸಾಗಿ, ಬೆರಳಲ್ಲಿ ಬಡಿದರೆ ಟಕ್ಕೆನ್ನುತ್ತದೆ.

ಸುಡುವುದಕ್ಕೆ ಜಾಲಿ ಕೆಂಡವೇ ಚೆಂದ. ಉರಿ ಇಳಿದು, ಬೂದಿ ತೆಳ್ಳಗೆ ಮುಚ್ಚಿದ ಮೇಲೆ ಹಾಕಬೇಕು. ಕೊಬ್ಬು ಚುರ್ರೆಂದು ಸಿಡಿದು, ಅಂಚು ಸುರುಟಿಕೊಂಡ ಕೂಡಲೇ ತೆಗೆದು, ಬೂದಿ ಕೊಡವಿ, ಗುಂಡುಕಲ್ಲಿನಿಂದ ಎರಡೇಟು ಜಜ್ಜಿದರೆ ಎಳೆಎಳೆಯಾಗಿ ಬಿಡುತ್ತದೆ. ಜೊತೆಗೆ ಹಸಿ ಈರುಳ್ಳಿ, ಬಿಸಿ ಮುದ್ದೆ.

ಮಸಾಲೆ ಹಚ್ಚಿ ಎಣ್ಣೆಯಲ್ಲಿ ಕರಿಯುವವರೂ ಇದ್ದಾರೆ. ನನಗದು ಖಂಡಕ್ಕೆ ಮಾಡುವ ಅನ್ಯಾಯವಾಗಿಯೇ ಕಾಣುತ್ತದೆ. ಮನೆಯಲ್ಲಿ ಒಣಗಿಸುವುದಾದರೆ ಮೋಡದ ದಿನ ಕೈ ಹಾಕಬೇಡಿ, ಹಸಿ ಉಳಿದ ಖಂಡ ಕೆಡುತ್ತದೆ.