ಆರು ಅಂಕಿಯ ಒಪ್ಪಿಗೆ

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಜಾರಿಗೆ ಬಂದಾಗಿನಿಂದ ಅದರ ಸಮ್ಮತಿ ವ್ಯವಸ್ಥೆಗೆ ಸಂದಿರುವ ಹೊಗಳಿಕೆ ಅದರ ಯೋಗ್ಯತೆಯನ್ನು ಮೀರಿದ್ದು. ರೋಗಿಯ ದಾಖಲೆ ಒಂದೇ ಕಣಜಕ್ಕೆ ಸೇರದೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯಲ್ಲೇ ಉಳಿಯುತ್ತದೆ, ರೋಗಿ ಒಪ್ಪಿದರೆ ಮಾತ್ರ ಮತ್ತೊಬ್ಬ ವೈದ್ಯರ ಕೈ ಸೇರುತ್ತದೆ ಎಂಬುದೇ ಈ ಹೊಗಳಿಕೆಯ ಬುಡ. ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ 2017ರ ಪುಟ್ಟಸ್ವಾಮಿ ತೀರ್ಪು ಓದುಗರಿಗೆ ಪರಿಚಿತವೇ ಆಗಿರುವುದರಿಂದ, ಇಲ್ಲಿ ಪರಿಶೀಲಿಸಬೇಕಾದದ್ದು ರೋಗಿ ‘ಹೂಂ’ ಎನ್ನುವ ಆ ಒಂದು ಗಳಿಗೆಯನ್ನು.

ವ್ಯವಸ್ಥೆಯ ಉಪಯೋಗವನ್ನು ಅಲ್ಲಗಳೆಯಲಾಗದು. ತಿಕೋಟಾ ತಾಲೂಕಿನ ಘೋಣಸಗಿಯಂಥ ಗಡಿಭಾಗದ ಊರಿನವರು ದೊಡ್ಡ ಕಾಯಿಲೆಗೆ ವಿಜಯಪುರಕ್ಕಷ್ಟೇ ಅಲ್ಲದೆ ಮಿರಜ್, ಸೊಲ್ಲಾಪುರಗಳಿಗೂ ಹೋಗಬೇಕಾಗುವುದರಿಂದ, ಎಕ್ಸ್‌ರೇ, ರಕ್ತಪರೀಕ್ಷೆಯ ಚೀಟಿಗಳ ಫೈಲನ್ನು ಕೈಚೀಲದಲ್ಲಿ ಹೊತ್ತು ತಿರುಗುವ ಕಷ್ಟ ತಪ್ಪಿದರೆ ಅದು ಸಣ್ಣ ಲಾಭವಲ್ಲ.

ಆದರೆ ಸಮ್ಮತಿಯ ಕೋರಿಕೆ ರೋಗಿಯ ಮುಂದೆ ಇಡುವುದೇನು? ದಾಖಲೆ ಯಾವ ಉದ್ದೇಶಕ್ಕೆ, ಯಾವ ದಿನದಿಂದ ಯಾವ ದಿನದವರೆಗಿನದು, ಎಷ್ಟು ಕಾಲ ನೋಡಲು ಸಿಗಬೇಕು, ಯಾವ ಬಗೆಯದು ಎಂಬಿಷ್ಟನ್ನು. ಈ ‘ಬಗೆ’ ಎಂಬಲ್ಲೇ ದೋಷವಿದೆ. ಔಷಧಚೀಟಿ, ಪರೀಕ್ಷಾ ವರದಿ, ಲಸಿಕೆ ದಾಖಲೆ, ಡಿಸ್ಚಾರ್ಜ್ ಸಮರಿ (ಆಸ್ಪತ್ರೆಯಿಂದ ಬಿಡುವಾಗ ಕೊಡುವ ಸಾರಾಂಶ) ಎಂಬ ಈ ವಿಂಗಡಣೆ ಕಾಗದದ ಜಾತಿಯನ್ನು ಹೇಳುತ್ತದೆಯೇ ಹೊರತು ಅದರೊಳಗಿನ ಗುಟ್ಟಿನ ತೂಕವನ್ನಲ್ಲ. ಹೆರಿಗೆಯಾಗಿ ಮನೆಗೆ ಹೊರಟ ಹೆಣ್ಣುಮಗಳ ಸಾರಾಂಶದಲ್ಲಿ ರಕ್ತದೊತ್ತಡ, ಮಗುವಿನ ತೂಕಗಳ ಪಕ್ಕದಲ್ಲೇ ಹಿಂದೊಮ್ಮೆ ಆದ ಗರ್ಭಪಾತದ ಸಾಲೂ ಇರುತ್ತದೆ. ಆಕೆ ಆ ಕಾಗದವನ್ನು ಇಡಿಯಾಗಿ ಕೊಡಬಹುದು ಅಥವಾ ಇಡಿಯಾಗಿ ತಡೆಯಬಹುದು, ಆ ಒಂದು ಸಾಲನ್ನಷ್ಟೇ ಮುಚ್ಚಲಾರಳು. ಕಾನೂನಿಗಾದರೋ ಸಾಲು ಸಾಲಿಗೂ ಇರುವ ಈ ಭೇದ ಗೊತ್ತಿದೆ: ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿ ಮಹಿಳೆಯ ಹೆಸರು, ವಿವರಗಳನ್ನು ಬಯಲುಮಾಡುವುದನ್ನು ಶಿಕ್ಷಾರ್ಹಗೊಳಿಸಿದೆ, 2017ರ ಎಚ್‌ಐವಿ ಕಾಯ್ದೆ ನಂಬಿಕೆಯ ಸಂಬಂಧದಲ್ಲಿ ತಿಳಿದ ಸೋಂಕಿನ ವಿಷಯವನ್ನು ಹೊರಗೆಡಹಲು ಬರಹದಲ್ಲಿ ದಾಖಲಾದ ಒಪ್ಪಿಗೆಯನ್ನೇ ಕೇಳುತ್ತದೆ. ಶಾಸನ ಕಂಡ ಭೇದ ಕೋರಿಕೆಯ ನಮೂನೆಯಲ್ಲಿ ಅಳಿಸಿಹೋಗಿದೆ.

ಎರಡನೆಯ ದೋಷ ಫೋನಿನದು. ಈ ಮಿಷನ್‌ನಡಿ ರೋಗಿಯ ಆರೋಗ್ಯ ಖಾತೆಗೆ ಕೊಡುವ ಹದಿನಾಲ್ಕು ಅಂಕಿಯ ಆಭಾ ಸಂಖ್ಯೆ ಮಾಡಿಸುವಾಗಲೂ ಮುಂದೆ ದಾಖಲೆಯ ಆ್ಯಪ್ ತೆರೆಯುವಾಗಲೂ ಗುರುತಿಗೆ ಸಾಮಾನ್ಯವಾಗಿ ನಿಲ್ಲುವುದು ಮೊಬೈಲಿಗೆ ಬರುವ ಆರಂಕಿಯ ಒಟಿಪಿ. ಮನೆಗೊಂದೇ ಫೋನಿದ್ದು ಅದು ಗಂಡನದೋ ಮಗನದೋ ಆಗಿರುವಲ್ಲಿ, ಆಶಾ ಕಾರ್ಯಕರ್ತೆ ಹೊಸ್ತಿಲಲ್ಲಿ ನಿಂತು ‘ನಂಬರ್ ಬಂತೇನ್ರಿ, ಹೇಳ್ರಿ’ ಎಂದರೆ ಓದಿ ಹೇಳುವವನು ಅವನು, ಒಪ್ಪಿದಳೆಂದು ದಾಖಲಾಗುವವಳು ಅವಳು. 2020ರ ಆರೋಗ್ಯ ದತ್ತಾಂಶ ನಿರ್ವಹಣಾ ನೀತಿ ಬಯಸುವ, ಒತ್ತಾಯವಿಲ್ಲದ, ತಿಳಿದು ಕೊಟ್ಟ, ಬೇಕಾದಾಗ ಹಿಂಪಡೆಯಬಹುದಾದ ಸಮ್ಮತಿ ಇದಲ್ಲ.

ಈ ವ್ಯವಸ್ಥೆಯನ್ನು ಟೀಕಿಸುವ ನಗರದ ವಿಮರ್ಶಕರೂ ಇದನ್ನು ಕಂಡಿಲ್ಲವೆಂಬುದು ಹೆಚ್ಚು ಬೇಸರದ ಸಂಗತಿ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ನಡೆದ ಸೈಬರ್ ದಾಳಿಯನ್ನೇ ಮತ್ತೆ ಮತ್ತೆ ಎತ್ತಿ, ಗೂಢಲಿಪೀಕರಣ, ಅಂದರೆ ಕೀಲಿಯಿಲ್ಲದವರು ಓದಲಾಗದಂತೆ ಮಾಹಿತಿಯನ್ನು ಬದಲಿಸಿಡುವ ಕ್ರಮ, ಬಿಗಿಯಾದರೆ ಸಮಸ್ಯೆ ತೀರಿತೆಂಬ ಧಾಟಿಯಲ್ಲಿ ಅವರು ಬರೆಯುತ್ತಾರೆ. ದೂರದ ಕಳ್ಳನ ಭಯ ಸುಳ್ಳಲ್ಲ. ಆದರೆ ಹಳ್ಳಿಯ ರೋಗಿ ಅಂಜುವುದು ಓಣಿಯವರಿಗೆ, ಬೀಗರಿಗೆ, ಮನೆಯವರಿಗೇ. ಎಷ್ಟೇ ಗಟ್ಟಿಯಾದ ಗೂಢಲಿಪಿಯಾದರೂ ಫೋನು ಹಿಡಿದವನ ಕಣ್ಣಿಗೆ ಅಡ್ಡ ನಿಲ್ಲದು. ಸರ್ಕಾರ ಮತ್ತು ಅದರ ಟೀಕಾಕಾರರು ಈ ಒಂದು ವಿಷಯದಲ್ಲಿ ಒಂದೇ ತಪ್ಪು ಮಾಡಿದ್ದಾರೆ: ಪ್ರತಿ ರೋಗಿಗೂ ತನ್ನದೇ ಫೋನು, ತನ್ನದೇ ಕೋಣೆ ಇದೆಯೆಂದು ಇಬ್ಬರೂ ಎಣಿಸಿದ್ದಾರೆ.

ಆದ್ದರಿಂದ ದಾಖಲೆಯ ಒಂದೊಂದು ಸಾಲನ್ನೂ ಮುಚ್ಚಿಡುವ ಅವಕಾಶ ಬರುವವರೆಗೆ, ಒಪ್ಪಿಗೆಯನ್ನು ಫೋನಿನ ಬದಲು ನರ್ಸಮ್ಮ ರೋಗಿಯೊಬ್ಬಳನ್ನೇ ಒಳಗೆ ಕರೆದು, ಅವಳ ಮಾತಿನಲ್ಲೇ ವಿವರಿಸಿ ಕೇಳುವವರೆಗೆ, ಈ ವ್ಯವಸ್ಥೆ ರೋಗಿಯ ನಂಬಿಕೆಯನ್ನು ಗಳಿಸಿದೆ ಎನ್ನಲಾಗದು. ನಂಬಿಕೆಯಿಲ್ಲದವಳು ಆಭಾ ಕಾರ್ಡ್ ಬೇಡವೆನ್ನುವುದಿಲ್ಲ; ವೈದ್ಯರಿಗೆ ಹೇಳಬೇಕಾದದ್ದನ್ನೇ ನುಂಗಿಕೊಳ್ಳುತ್ತಾಳೆ, ಮತ್ತು ಆ ಕೊರತೆ ಯಾವ ದಾಖಲೆಯಲ್ಲೂ ಕಾಣುವುದಿಲ್ಲ.